ಬಾಡಿಗೆಯ ಮನೆಯೋ, ಹೊಸ ಗೇಣಿ ಪದ್ಧತಿಯೋ?

ಕಳೆದ ತಿಂಗಳು ಪಕ್ಷದ ಕೆಲಸದ ಮೇಲೆ ನಾವು ಬೆಂಗಳೂರಿಗೆ ಹೊರಟಿದ್ದೆವು. ವಿಜಯಪುರ ಸ್ಟೇಶನ್ನಿನಲ್ಲಿ ಗೋಲಗುಂಬಜ ಗಾಡಿ ಹತ್ತಿದಾಗ ಹುಡುಗರು ಜೊತೆಯಾದರು. ಒಬ್ಬ ಇಂಡಿಯವ, ಒಬ್ಬ ಸಿಂದಗಿಯವ, ಒಬ್ಬ ಮುದ್ದೇಬಿಹಾಳದವ. ನಾಲ್ಕನೆಯವ ಬಸವನ ಬಾಗೇವಾಡಿ ಸ್ಟೇಶನ್ನಿನಲ್ಲಿ ಬುತ್ತಿಗಂಟು ಹಿಡಿದು ಹತ್ತಿದ. ಇವರಲ್ಲಿ ಇಬ್ಬರು ನಾವು ಸಾಲಿ ಮಾಸ್ತರಕಿ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಕೈಯಲ್ಲಿ ಕಲಿತವರು. ನಾಲ್ವರಿಗೂ ಪೀಣ್ಯದ ಕಾರಖಾನೆಗಳಲ್ಲಿ ತಿಂಗಳಿಗೆ ಹತ್ತೊಂಬತ್ತು ಸಾವಿರದ ನೌಕರಿ. ಇರಲಿಕ್ಕೆ ಮಾತ್ರ ಮನೆಯಿಲ್ಲ. "ಸರ್, ನೀವು ಜೋಡಿ ಬರ್ರಿ. ದೊಡ್ಡವರು ಒಬ್ರು ಸಂಗಾಟ ಇದ್ರ ಮನಿ ಕೊಡ್ತಾರಂತ" ಎಂದ ಸಿಂದಗಿಯವ. ನಾವು ಹೋದೆವು. ಮೂರು ದಿನ ತಿರುಗಿ ಹದಿನಾರು ಮನೆ ನೋಡಿದೆವು. ಅಲ್ಲಿ ಕಂಡದ್ದನ್ನು ನಮ್ಮ ಗಿರಣಿ ಕಾಮಗಾರ ಬಂಧುಗಳ ಮುಂದೆಯೂ ಸಣ್ಣ ವ್ಯಾಪಾರಸ್ಥರ ಮುಂದೆಯೂ ಇಡದೆ ಸುಮ್ಮನಿರುವುದು ನಮ್ಮಿಂದಾಗದು. ಇಂದು ನಿಮ್ಮ ಮಕ್ಕಳು ಹೋಗುವ ದಾರಿಯೂ ಅದೇ ಇದೆ.

ಹುಡುಗರಿಗೆ ಬೇಕಾದದ್ದು ಸಾಮಾನು ಸಹಿತ ಮನೆ. ಅಲ್ಲಿಯವರು ಅದನ್ನು ಫರ್ನಿಶ್ಡ್ ಎನ್ನುತ್ತಾರೆ. ಇದು ಷೋಕಿಯ ಮಾತಲ್ಲ. ಸಿಂದಗಿಯಿಂದ ಹೊರಟವನು ಮಂಚ, ಒಲೆ, ನೀರಿನ ಹಂಡೆ ಹೊತ್ತುಕೊಂಡು ಬಸ್ಸು ಹತ್ತಲಾರ. ಕಾರಖಾನೆಯವರು ಇಂದು ಕರೆದು ನಾಳೆ ಕಳಿಸುತ್ತಾರೆ. ನಾಳೆ ಬಿಡಬೇಕಾದೀತೆಂಬ ಊರಿನಲ್ಲಿ ಕಪಾಟು ಕೊಂಡು ಇಡುವವರು ಯಾರು? ಬಡವನ ಈ ಅಡಚಣಿಯನ್ನೇ ಬಂಡವಾಳ ಮಾಡಿಕೊಂಡು ಒಂದು ವ್ಯಾಪಾರ ನಡೆದಿದೆ.

ಎರಡನೆಯ ದಿನ ನೋಡಿದ ಒಂದು ಮನೆಯ ಲೆಕ್ಕ ಕೇಳಿರಿ. ಎರಡು ಖೋಲಿ, ಒಂದು ಅಡಿಗೆಮನೆ. ಎರಡು ಕಬ್ಬಿಣದ ಮಂಚ, ನಡುವು ತಗ್ಗಾದ ಹಾಸಿಗೆ, ಒಂದು ಕಾಲಿಗೆ ಇಟ್ಟಂಗಿ ಕೊಟ್ಟು ನಿಲ್ಲಿಸಿದ ಸೋಫಾ, ಹಳೆಯ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಒಂದು ಟಿ.ವಿ., ನೀರು ಕಾಯಿಸುವ ಗೀಸರು. ಬಾಡಿಗೆ ಇಪ್ಪತ್ತು ಸಾವಿರ. ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಇಂಥದೇ ಬರಿಯ ಮನೆಗೆ ಹದಿನೈದು ಸಾವಿರ. ಅಂದರೆ ಸಾಮಾನಿನ ಬಾಡಿಗೆ ತಿಂಗಳಿಗೆ ಐದು ಸಾವಿರ! ಆ ಸಾಮಾನನ್ನೆಲ್ಲ ನಮ್ಮೂರ ಹಳೆ ಸಾಮಾನಿನ ಅಂಗಡಿಯವನಿಗೆ ತೋರಿಸಿದರೆ ನಾಲ್ವತ್ತು ಸಾವಿರದ ಮೇಲೆ ಒಂದು ರೂಪಾಯಿ ಕೊಡಲಾರ. ಎಂಟು ತಿಂಗಳಲ್ಲಿ ಹುಡುಗರು ಅದರ ಪೂರ್ತಿ ಬೆಲೆ ತೀರಿಸಿರುತ್ತಾರೆ. ಒಂಬತ್ತನೆಯ ತಿಂಗಳಿನಿಂದ ಅವರು ಕೊಡುವುದು ಯಾವುದರ ಬಾಡಿಗೆ? ಇಟ್ಟಂಗಿಯದೆ?

ಇದು ಸಣ್ಣ ಮಾತು. ದೊಡ್ಡ ಮಾತು ಠೇವಣಿಯದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಳ್ಳುವ ರೂಢಿ ಬಹಳ ಕಾಲದಿಂದ ಬಂದಿದೆ. ಈಗ ಕೆಲವರು ಐದಾರು ತಿಂಗಳಿಗೆ ಇಳಿದಿದ್ದಾರೆಂಬುದು ನಿಜ. ನಮಗೆ ಸಿಕ್ಕ ಈ ಮಾಲಿಕ ಇಳಿದವನಲ್ಲ. ದಿಲ್ಲಿ, ಮುಂಬಯಿಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ತಿಂಗಳದ್ದು ಕೇಳುತ್ತಾರೆ. ಇವನು ಕೇಳಿದ್ದು ಎರಡು ಲಕ್ಷ. ಮೇಲೆ ದಲಾಲನಿಗೆ ಒಂದು ತಿಂಗಳದ್ದು ಇಪ್ಪತ್ತು ಸಾವಿರ, ಮೊದಲ ತಿಂಗಳ ಬಾಡಿಗೆ ಇಪ್ಪತ್ತು ಸಾವಿರ. ಹೊಸ್ತಿಲು ದಾಟುವ ಮೊದಲೇ ಎರಡು ಲಕ್ಷ ನಾಲ್ವತ್ತು ಸಾವಿರ, ತಲೆಗೆ ಅರವತ್ತು ಸಾವಿರ. ಮೂರು ತಿಂಗಳ ಪೂರ್ತಿ ಸಂಬಳ ಕೊಟ್ಟರೂ ಸಾಲದು. ಊರಲ್ಲಿ ಅಪ್ಪ ಅಷ್ಟು ಹಣವನ್ನು ನೂರಕ್ಕೆ ಎರಡು ರೂಪಾಯಿ ತಿಂಗಳ ಬಡ್ಡಿಯಂತೆ ತರಬೇಕು. ಎರಡು ಲಕ್ಷಕ್ಕೆ ತಿಂಗಳಿಗೆ ನಾಲ್ಕು ಸಾವಿರ ಬಡ್ಡಿ. ಆದ್ದರಿಂದ ಆ ಮನೆಯ ನಿಜವಾದ ಬಾಡಿಗೆ ಇಪ್ಪತ್ತಲ್ಲ, ಇಪ್ಪತ್ತನಾಲ್ಕು ಸಾವಿರ. ಮಾಲಿಕ ಆ ಹಣವನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡು ಇನ್ನೊಂದು ಅಂತಸ್ತು ಏರಿಸುತ್ತಾನೆ. ಆ ಅಂತಸ್ತಿಗೂ ನಮ್ಮ ಜಿಲ್ಲೆಯ ಇನ್ನೊಬ್ಬ ಹುಡುಗನಿಂದ ಹತ್ತು ತಿಂಗಳದ್ದು ತೆಗೆದುಕೊಳ್ಳುತ್ತಾನೆ.

ಠೇವಣಿ ತಿರುಗಿ ಬರುತ್ತದಲ್ಲವೆ ಎನ್ನುವವರು ಮುದ್ದೇಬಿಹಾಳದವನನ್ನು ಕೇಳಬೇಕು. ಅವನಿಗೆ ಬೆಂಗಳೂರು ಹೊಸದಲ್ಲ. ಹಿಂದಿನ ಮನೆಗೆ ಕೊಟ್ಟದ್ದು ಅರವತ್ತು ಸಾವಿರ, ತಿರುಗಿ ಕೈಗೆ ಬಂದದ್ದು ಮೂವತ್ತೊಂದು. ಸುಣ್ಣ ಬಣ್ಣಕ್ಕೆಂದು ಮುರಿದರು, ಸೋಫಾ ಹರಿದಿದೆಯೆಂದು ಮುರಿದರು, ಗೋಡೆಗೆ ಮೊಳೆ ಹೊಡೆದದ್ದಕ್ಕೆ ಮುರಿದರು. "ಸೋಫಾ ನಾ ಹೋಗೂಕಿಂತ ಮೊದಲ ಹರದಿತ್ರಿ ಸರ್. ಆದ್ರ ಬರದಿಟ್ಟಿದ್ದಿಲ್ಲ" ಎಂದ. ಸಾಮಾನಿನ ಯಾದಿ ಬರೆದವನು ಮಾಲಿಕ, ಅದನ್ನು ಓದಿದವನೂ ಮಾಲಿಕ, ತೀರ್ಪು ಕೊಟ್ಟವನೂ ಮಾಲಿಕ. ಇದು ನ್ಯಾಯವೆ?

ಹಣ ಹೊಂದಿಸಿದರೂ ಕದ ತೆರೆಯುವುದಿಲ್ಲ. "ಬ್ಯಾಚುಲರ್ಸ್‌ಗೆ ಕೊಡಲ್ಲ" ಎಂದು ಐದು ಮನೆಯವರು ಗೇಟಿನಿಂದಲೇ ಹೇಳಿದರು. "ಅಡುಗೆಮನೇಲಿ ಮಾಂಸ ಮಾಡೋ ಹಾಗಿಲ್ಲ" ಎಂದರು ಇಬ್ಬರು. ಒಂದು ಕಡೆ ಇಂಡಿಯ ಹುಡುಗನ ಹೆಸರು ಕೇಳಿದ ಕೂಡಲೆ ಮಾಲಿಕರ ಬೀಗದ ಕೈ ಜೇಬು ಸೇರಿತು. ಮನೆ ಈಗ ತಾನೆ ಬೇರೆಯವರಿಗೆ ಗೊತ್ತಾಗಿದೆಯೆಂದು ನೆನಪಾಯಿತು. ಬಾಗೇವಾಡಿಯವನ ಹೆಸರಿನಿಂದ ಏನೂ ತಿಳಿಯಲಿಲ್ಲ. ಆದ್ದರಿಂದ "ನೀವು ಯಾವ ಜನ?" ಎಂದು ನೇರವಾಗಿ ಕೇಳಿದರು. ಹುಡುಗ ಮುಚ್ಚಿಡಲಿಲ್ಲ, ಹೇಳಿದ. ಮನೆ ಸಿಗಲಿಲ್ಲ. ಮನುಷ್ಯನ ಕುಲ ಕೇಳುವುದನ್ನು ಬಿಡಿರೆಂದು 12ನೆಯ ಶತಮಾನದಲ್ಲಿಯೇ ಹೇಳಿದ ಬಸವಣ್ಣ ಹುಟ್ಟಿದ ಊರಿನ ಹುಡುಗನಿಗೆ ಬಂದ ಉತ್ತರ ಇದು. ಆ ಮಾಲಿಕರ ಗೋಡೆಯ ಮೇಲೆ ಬಸವಣ್ಣನ ಪಟವಿತ್ತೆಂಬುದನ್ನು ಬರೆಯದಿರಲು ಮನಸ್ಸು ಒಪ್ಪುವುದಿಲ್ಲ.

ಸಂವಿಧಾನದ 15ನೆಯ ಕಲಮು ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಅಡ್ಡಗೋಡೆ ಇರಕೂಡದೆನ್ನುತ್ತದೆ. ಬಾಡಿಗೆಯ ಮನೆಯ ಹೆಸರು ಅದರಲ್ಲಿಲ್ಲ. ಅಹಮದಾಬಾದಿನ ಪಾರಸಿ ಗೃಹ ಸಹಕಾರಿ ಸಂಘವೊಂದರ ಮೊಕದ್ದಮೆಯಲ್ಲಿ, ಸಂಘವು ತನ್ನ ಸದಸ್ಯತ್ವವನ್ನು ಒಂದೇ ಸಮಾಜದವರಿಗೆ ಮೀಸಲಿಡಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಒಪ್ಪಿತು. ಚಹಾದಂಗಡಿಯಲ್ಲಿ ಕೇಳಬಾರದ ಪ್ರಶ್ನೆಯನ್ನು ಮನೆಯ ಬಾಗಿಲಲ್ಲಿ ಕೇಳಬಹುದೆಂಬ ಧೈರ್ಯ ಎಲ್ಲಿಂದ ಬಂತೆಂದು ಇನ್ನು ಹೇಳಬೇಕಾಗಿಲ್ಲ.

ಹಾಗಾದರೆ ಬಾಡಿಗೆ ಕಾಯ್ದೆ ಏನು ಮಾಡುತ್ತಿದೆ? ನಮ್ಮ ರಾಜ್ಯದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಿತ್ತು. ಮನೆ ಖಾಲಿಯಾದರೆ ಮಾಲಿಕನು ಕಂಟ್ರೋಲರಿಗೆ ತಿಳಿಸಬೇಕು, ಕಂಟ್ರೋಲರ್ ಅದನ್ನು ಅವಶ್ಯವಿದ್ದವರಿಗೆ ಕೊಡಬಹುದು ಎಂಬ ಏರ್ಪಾಡು ಅದರಲ್ಲಿತ್ತು. ಆ ಏರ್ಪಾಡಿನಲ್ಲಿ ವಶೀಲಿ ನಡೆಯಲಿಲ್ಲವೆಂದು ನಾವು ಹೇಳುವುದಿಲ್ಲ. ಅದರ ಬದಲಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಈ ಕಾಯ್ದೆಯ ಚಮತ್ಕಾರ ನೋಡಿರಿ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಇದು ಅನ್ವಯಿಸುವುದೇ ಇಲ್ಲ. ಇಂದು ಬೆಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೆ ಸ್ಕೂಟರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಕಾಯ್ದೆ ಪುಸ್ತಕದಲ್ಲಿದೆ, ಬಾಡಿಗೆದಾರ ಅದರ ಹೊರಗಿದ್ದಾನೆ!

ಸಣ್ಣ ವ್ಯಾಪಾರಸ್ಥ ಬಂಧುಗಳೆ, ಇದು ನೌಕರಿಯ ಹುಡುಗರ ಗೋಳೆಂದು ಪುಟ ತಿರುವಬೇಡಿರಿ. ಅದೇ ಕಾಯ್ದೆಯ ಪ್ರಕಾರ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರಿದ ಅಂಗಡಿಗೆ ಯಾವ ರಕ್ಷಣೆಯೂ ಇಲ್ಲ. ನಿಮ್ಮ ಕಿರಾಣಿ ಅಂಗಡಿಯನ್ನು ಇಂದು ಸಂಜೆ ಟೇಪು ಹಿಡಿದು ಅಳೆದು ನೋಡಿರಿ. ಇಪ್ಪತ್ತು ವರುಷ ಗಿರಾಕಿ ಕೂಡಿಸಿದವರು ನೀವು. ಆ ಮೂಲೆಗೆ ಬೆಲೆ ತಂದವರು ನೀವು. ನೋಟೀಸು ಬರುವುದೂ ನಿಮಗೇ.

ಮತ್ತೆ ಆ ಹನ್ನೊಂದು ತಿಂಗಳ ಕರಾರು. ಹನ್ನೆರಡೇಕಲ್ಲ? ಒಂದು ವರುಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಜಿಸ್ಟರ್ ಮಾಡಿಸಲೇಬೇಕು. ಹನ್ನೊಂದಕ್ಕೆ ನಿಲ್ಲಿಸಿದರೆ ಛಾಪಾ ಕಾಗದದ ಮೇಲೆ ಎರಡು ಸಹಿ ಸಾಕು. ಪ್ರತಿ ಹನ್ನೊಂದನೆಯ ತಿಂಗಳಿಗೆ ಬಾಡಿಗೆ ಏರಿಸಬಹುದು, ಇಲ್ಲವೆ ಗಂಟು ಕಟ್ಟೆನ್ನಬಹುದು.

ಇದನ್ನೆಲ್ಲ ನೋಡುವಾಗ ನಮಗೆ ಕಾಗೋಡಿನ ನೆನಪು ಬಂತು. 1951ರಲ್ಲಿ ಸಾಗರ ತಾಲೂಕಿನ ಆ ಹಳ್ಳಿಯ ಗೇಣಿದಾರರು ಎದ್ದು ನಿಂತದ್ದು ಕೊಳಗದ ಪ್ರಶ್ನೆಯ ಮೇಲೆ. ಒಡೆಯರು ಗೇಣಿಯ ಬತ್ತ ಅಳೆದುಕೊಳ್ಳಲು ದೊಡ್ಡ ಕೊಳಗ ಬಳಸುತ್ತಿದ್ದರು. ಡಾ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಕಾವು ಆರದೆ ಉಳಿದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಉಳುವವನಿಗೆ ನೆಲದ ಹಕ್ಕು ಬಂತು. ಹತ್ತು ತಿಂಗಳ ಠೇವಣಿ ಇಂದಿನ ದೊಡ್ಡ ಕೊಳಗವಲ್ಲದೆ ಇನ್ನೇನು? ಆದರೆ ನೆಲದ ಗೇಣಿದಾರನಿಗೆ ಊರಿತ್ತು, ಕೂಡಿ ಕೂಗಲು ನೆರೆಯವರಿದ್ದರು. ಮನೆಯ ಗೇಣಿದಾರನಿಗೆ ಪಕ್ಕದ ಬಾಗಿಲಿನವನ ಹೆಸರೇ ಗೊತ್ತಿಲ್ಲ.

ಮನೆಮಾಲಿಕರ ವಕೀಲಿ ಮಾಡುವವರು ಒಂದು ಮಾತು ಹೇಳುತ್ತಾರೆ: ಬಾಡಿಗೆಗೆ ಕಟ್ಟು ಹಾಕಿದರೆ ಯಾರೂ ಮನೆ ಕಟ್ಟುವುದಿಲ್ಲ, ಮುಂಬಯಿಯ ಚಾಳಗಳನ್ನು ನೋಡಿರಿ ಎಂದು. ಈ ಮಾತಿನಲ್ಲಿ ಸತ್ಯದ ಅಂಶವಿದೆ. 1947ರ ಮುಂಬಯಿ ಬಾಡಿಗೆ ಕಾಯ್ದೆ 1940ರ ಸಪ್ಟೆಂಬರ್ 1ರ ಬಾಡಿಗೆಯನ್ನೇ ಅಳತೆಯಾಗಿ ಹಿಡಿಯಿತು. ದಶಕಗಳ ಕಾಲ ಅದೇ ಉಳಿದು ಮಾಲಿಕರು ರಿಪೇರಿ ಬಿಟ್ಟರು, ಕದ್ದು ಪಗಡಿ ತೆಗೆದುಕೊಂಡರು. ಆದರೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದ 1956ರ ಮೊದಲಿನ ದಿನಗಳಲ್ಲಿ ಇಂಡಿ ಸಿಂದಗಿಗಳಿಂದ ಹೋದ ಗಿರಣಿ ಕಾಮಗಾರ ಪರಳದ ಖೋಲಿಯಲ್ಲಿ ಪಾಳಿಯ ಮೇಲೆ ಮಲಗಿಯಾದರೂ ನಾಲ್ಕು ಕಾಸು ಊರಿಗೆ ಕಳಿಸುವಂತಾದದ್ದು ಅದೇ ಕಾಯ್ದೆಯ ನೆರಳಿನಲ್ಲಿ ಎಂಬುದನ್ನು ಇವರು ಹೇಳುವುದಿಲ್ಲ. ಬಾಡಿಗೆಯನ್ನು ಎಂದೆಂದಿಗೂ ಹೆಪ್ಪುಗಟ್ಟಿಸಿರೆಂದು ನಾವು ಕೇಳುತ್ತಿಲ್ಲ. ನಿವೃತ್ತನಾದ ಮಾಸ್ತರನೊಬ್ಬ ಮೇಲಿನ ಖೋಲಿಯ ಬಾಡಿಗೆಯಿಂದ ಔಷಧ ಕೊಳ್ಳುತ್ತಿದ್ದರೆ ಅವನನ್ನು ಬಂಡವಾಳಶಾಹಿ ಎನ್ನುವಷ್ಟು ಮೂಢರೂ ನಾವಲ್ಲ. ಇಪ್ಪತ್ತು ಮನೆ ಕಟ್ಟಿ ಇಪ್ಪತ್ತು ಠೇವಣಿಯ ಮೇಲೆ ಕೂತವನ ಪ್ರಶ್ನೆ ಬೇರೆ.

ಮನೆ ಸಾಲದೆಂಬುದೂ ಅರ್ಧ ಸತ್ಯ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 11 ಲಕ್ಷ ಮನೆಗಳು ಖಾಲಿ ಇದ್ದವು. ಮರುವರುಷವೇ ಸರಕಾರದ ತಜ್ಞರ ಸಮಿತಿ ನಗರಗಳಲ್ಲಿ 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ ಎಂದಿತು. ಆ ಕೊರತೆಯಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಬಡವರದು, ಕಡಿಮೆ ವರಮಾನದವರದು. ಬೀಗ ಹಾಕಿದ ಮನೆಯೂ ಇದೆ, ಬೀದಿಯಲ್ಲಿ ನಿಂತ ಮನುಷ್ಯನೂ ಇದ್ದಾನೆ. ವಿಯೆನ್ನಾ ನಗರದ ಸಮಾಜವಾದಿ ಆಡಳಿತ ಮೊದಲನೆಯ ಮಹಾಯುದ್ಧದ ತರುವಾಯ, 1934ರೊಳಗೆ, ಸಿರಿವಂತರ ಮೇಲೆ ತೆರಿಗೆ ಹಾಕಿ ಅರವತ್ತು ಸಾವಿರಕ್ಕೂ ಮಿಕ್ಕಿ ಮನೆ ಕಟ್ಟಿ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿತು. ಅಷ್ಟು ದೂರ ಬೇಡ, ಇಂಡಿಯವರು ಸೊಲ್ಲಾಪುರಕ್ಕೆ ಹೋಗಿ ಬರಲಿ. ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ 2006ರಲ್ಲಿ ಹತ್ತು ಸಾವಿರ ಮನೆಗಳಾದವು. ಅಲ್ಲಿಯೇ ರಾಯನಗರದಲ್ಲಿ ಮಗ್ಗದವರಿಗೆ, ಬೀಡಿಯವರಿಗೆ, ಚಿಂದಿ ಆಯುವವರಿಗೆ ಮೂವತ್ತು ಸಾವಿರ ಮನೆಗಳ ಯೋಜನೆಯಾಗಿ, 2024ರ ಜನೆವರಿಯಲ್ಲಿ ಹದಿನೈದು ಸಾವಿರ ಮನೆಗಳ ಕೀಲಿಕೈ ಸಿಕ್ಕಿತು. ಇವು ಬಾಡಿಗೆಯವಲ್ಲ, ಸ್ವಂತದವು. ಕೊಟ್ಟದ್ದು ಸರಕಾರದ ಹಣವಾದರೂ ಕೊಡಿಸಿದ್ದು ಕಾಮಗಾರರ ಸಂಘಟನೆ.

ಸರಕಾರಕ್ಕೆ ಅಧಿಕಾರವಿಲ್ಲವೆ? 2020ರ ಮಾರ್ಚ್ 29ರಂದು, ಲಾಕ್‌ಡೌನಿನಲ್ಲಿ ಜನ ನಡೆದು ಊರು ಸೇರುತ್ತಿದ್ದಾಗ, ಕೂಲಿಗಾರರಿಂದ ಒಂದು ತಿಂಗಳ ಬಾಡಿಗೆ ಕೇಳಕೂಡದೆಂದು ಕೇಂದ್ರ ಸರಕಾರ ಆದೇಶ ಹೊರಡಿಸಿತು. ಮನಸ್ಸು ಮಾಡಿದರೆ ಕಾಗದ ಒಂದೇ ದಿನದಲ್ಲಿ ಹೊರಡುತ್ತದೆ! 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದೆಂದಿದೆ. ಬಾಡಿಗೆಯ ಮೊತ್ತಕ್ಕೆ ಮಿತಿ ಹಾಕದ ಆ ಮಾದರಿಯನ್ನು ನಾವು ಹೊಗಳುವುದಿಲ್ಲ. ಆದರೆ ಮಾದರಿ ತಾನಾಗಿ ಜಾರಿಗೆ ಬರುವುದಿಲ್ಲ. ಮಾಲಿಕ ಮತ್ತು ಬಾಡಿಗೆದಾರರ ಸಂಬಂಧ ರಾಜ್ಯದ ಪಟ್ಟಿಗೆ ಸೇರಿದ್ದು. ಕೇಳಬೇಕಾದ್ದು ವಿಧಾನಸೌಧವನ್ನು. ನಮ್ಮ ನಾಲ್ಕು ತಾಲೂಕಿನ ಶಾಸಕರಿಗೆ ಬೆಂಗಳೂರಿನಲ್ಲಿ ಶಾಸಕರ ಭವನದಲ್ಲಿ ಖೋಲಿ ಇದೆ, ಮಂಚ ಕುರ್ಚಿ ಸಹಿತ. ಅವರಿಗೆ ಯಾರೂ ಹತ್ತು ತಿಂಗಳದ್ದು ಕೇಳಿಲ್ಲ, ಯಾವ ಜನವೆಂದೂ ಕೇಳಿಲ್ಲ.

ಕಡೆಗೆ ನಮ್ಮ ಮನೆಯ ಮಾತು. ವಿಜಯಪುರಕ್ಕೆ ಓದಲು ಬಂದ ಹಳ್ಳಿಯ ಹುಡುಗರಿಗೆ ಖೋಲಿ ಕೊಡುವ ನಮ್ಮ ಓದುಗರೂ ಇದ್ದಾರೆ. "ನೀ ಯಾರ ಪೈಕಿ?" ಎಂದು ನೀವು ಕೇಳಿಲ್ಲವೆ? ನಮ್ಮ ಪಕ್ಷದ ಹಿತೈಷಿಯೊಬ್ಬರು ಈ ಮಾತು ಕೇಳಿದ್ದನ್ನು ನಾವೇ ಎದುರಿಗಿದ್ದು ಕೇಳಿಸಿಕೊಂಡು ಸುಮ್ಮನೆ ಚಹಾ ಕುಡಿದು ಬಂದಿದ್ದೇವೆ. ಅಂದು ಸುಮ್ಮನಿದ್ದದ್ದು ನಮ್ಮ ತಪ್ಪು.

ಹುಡುಗರಿಗೆ ನಾಲ್ಕನೆಯ ದಿನ ಬರಿಯ ಮನೆಯೊಂದು ಸಿಕ್ಕಿತು, ಹದಿನಾಲ್ಕು ಸಾವಿರ ಬಾಡಿಗೆ, ಐದು ತಿಂಗಳ ಠೇವಣಿ. ಮಾಲಿಕರಾದ ಮುದುಕಮ್ಮ ಹೆಸರನ್ನಷ್ಟೇ ಕೇಳಿ ಬರೆದುಕೊಂಡರು, ಮುಂದೆ ಏನೂ ಕೇಳಲಿಲ್ಲ. ಸಿಂದಗಿಯವನ ತಾಯಿ ತನ್ನ ಬೋರಮಾಳ ಒತ್ತೆಯಿಟ್ಟು ಮಗನ ಪಾಲು ಕಳಿಸಿದರು. ನಾಲ್ವರೂ ಈಗ ಚಾಪೆಯ ಮೇಲೆ ಮಲಗುತ್ತಾರೆ.

ಬೆಂಗಳೂರು, ಪುಣೆ, ಸೊಲ್ಲಾಪುರ, ಗೋವೆಗಳಲ್ಲಿ ಠೇವಣಿ ಮುಳುಗಿಸಿಕೊಂಡವರು ಕರಾರು ಪತ್ರದ ನಕಲು, ಹಣ ಕೊಟ್ಟ ದಾಖಲೆಗಳನ್ನು ನಮ್ಮ ಪತ್ರಿಕೆಯ ಕಚೇರಿಗೆ ತಲುಪಿಸಬೇಕು. ಅಂಗಡಿಕಾರರು ಅಂಗಡಿಯ ಅಳತೆಯನ್ನೂ ಬರೆದು ತರಲಿ. ಎಲ್ಲವನ್ನೂ ಒಂದು ಕಡತ ಮಾಡಿ ನಾಲ್ಕೂ ತಾಲೂಕಿನ ಶಾಸಕರ ಮನೆಬಾಗಿಲಿಗೆ ನಾವೇ ಒಯ್ಯುತ್ತೇವೆ. ರವಿವಾರ ಮುಂಜಾನೆ ಕಚೇರಿ ತೆರೆದಿರುತ್ತದೆ.