ವಾಚಿಗೂ ಒಂದು ಎಕ್ಸ್‌ಪೈರಿ ಡೇಟ್ ಹಾಕಿ

ಬಿಸ್ಕತ್ ಪ್ಯಾಕೆಟ್ ಮೇಲೆ ಅದು ಎಲ್ಲಿವರೆಗೆ ಚೆನ್ನಾಗಿರುತ್ತೆ ಅಂತ ಬರೆದಿರುತ್ತೆ. ಎರಡು ಸಾವಿರ ಕೊಟ್ಟು ತಗೊಳ್ಳೋ ಸ್ಮಾರ್ಟ್‌ವಾಚಿನ ಡಬ್ಬದ ಮೇಲೆ ಆ ಸಾಲು ಸಾಮಾನ್ಯವಾಗಿ ಕಾಣೋದಿಲ್ಲ. ನೂರು ಸ್ಪೋರ್ಟ್ಸ್ ಮೋಡ್, ಬ್ಲೂಟೂತ್ ಕಾಲಿಂಗ್, ಏಳು ದಿನದ ಬ್ಯಾಟರಿ ಎಲ್ಲ ದಪ್ಪಕ್ಷರದಲ್ಲಿ ಇರುತ್ತೆ. "ಇದರ ಸಾಫ್ಟ್‌ವೇರನ್ನು ಎಷ್ಟು ವರ್ಷ ನೋಡ್ಕೋತೀರಿ?" ಅನ್ನೋದಕ್ಕೆ ಮಾತ್ರ ಉತ್ತರ ಇಲ್ಲ.

ನಮ್ಮ ಹಾಸ್ಟೆಲುಗಳಲ್ಲಿ ಈ ಗೋಳು ಎಲ್ಲರಿಗೂ ಗೊತ್ತಿರೋದೇ. ನೋಟಿಫಿಕೇಶನ್ ಬರಲ್ಲ. ಬಸ್ಸಲ್ಲಿ ಸುಮ್ಮನೆ ಕೂತಿದ್ರೂ ಹೆಜ್ಜೆ ಲೆಕ್ಕ ಏರ್ತಾ ಹೋಗುತ್ತೆ. ಫೋನ್ ಅಪ್‌ಡೇಟ್ ಆದ ಮಾರನೇ ದಿನದಿಂದ ವಾಚ್ ಪೇರ್ ಆಗೋದೇ ಇಲ್ಲ. ಕಸ್ಟಮರ್ ಕೇರಿಗೆ ಬರೆದರೆ "ಆ್ಯಪ್ ತೆಗೆದು ಮತ್ತೆ ಹಾಕಿ, ವಾಚ್ ರೀಸೆಟ್ ಮಾಡಿ" ಅನ್ನೋ ಅದೇ ಉತ್ತರ. ಗಾಜು ಒಡೆದಿಲ್ಲ, ಬ್ಯಾಟರಿ ಹೋಗಿಲ್ಲ, ಆದರೂ ವಾಚ್ ಡ್ರಾಯರ್ ಸೇರುತ್ತೆ.

ಇದಕ್ಕೆ ಕಾರಣ ಇಂಜಿನಿಯರಿಂಗ್ ಓದೋ ನಮಗೆ ಅರ್ಥವಾಗಬೇಕು. ಕೈಗೆ ಕಟ್ಟಿಕೊಂಡಿರೋದು ಇಡೀ ಸಿಸ್ಟಮ್ಮಿನ ಒಂದು ತುಂಡು ಮಾತ್ರ. ವಾಚಿನ ಫರ್ಮ್‌ವೇರ್, ಫೋನಿನಲ್ಲಿರೋ ಆ್ಯಪ್, ಫೋನಿನ ಓಎಸ್, ಕಂಪನಿಯ ಸರ್ವರ್, ಈ ನಾಲ್ಕೂ ಒಟ್ಟಿಗೆ ನಡೆದರೆ ಮಾತ್ರ ಅದು 'ಸ್ಮಾರ್ಟ್'. ವಾಚ್ ಬದಲಾಗದೇ ಇರಬಹುದು, ಫೋನ್ ಬದಲಾಗುತ್ತಲೇ ಇರುತ್ತೆ. 2017ರಲ್ಲಿ ಬಂದ ಆಂಡ್ರಾಯ್ಡ್ 8, ಹಿನ್ನೆಲೆಯಲ್ಲಿ ಓಡೋ ಆ್ಯಪ್‌ಗಳಿಗೆ ಕಡಿವಾಣ ಹಾಕಿತು. 2021ರ ಆಂಡ್ರಾಯ್ಡ್ 12 ಬ್ಲೂಟೂತಿಗೆ ಹೊಸ ಪರ್ಮಿಶನ್‌ಗಳನ್ನು ತಂತು. ಬ್ಯಾಟರಿಗೂ ಪ್ರೈವಸಿಗೂ ಎರಡೂ ಒಳ್ಳೇದೇ. ಆದರೆ ಇಂಥ ಬದಲಾವಣೆ ಬಂದಾಗಲೆಲ್ಲ ವಾಚಿನ ಆ್ಯಪನ್ನು ಯಾರಾದರೂ ಕೂತು ತಿದ್ದಬೇಕು, ಟೆಸ್ಟ್ ಮಾಡಬೇಕು. ವಾಚ್ ಮಾರಿದ ದಿನವೇ ಲಾಭ ಎಣಿಸಿಕೊಂಡ ಕಂಪನಿಗೆ ಆಮೇಲೆ ಆ ಸಂಬಳ ಬರೀ ಖರ್ಚು. ಹಾಗಾಗಿ ಹಳೇ ಮಾಡೆಲ್ ತಿದ್ದೋದಕ್ಕಿಂತ ಹೊಸ ಮಾಡೆಲ್ ಬಿಡೋದೇ ಅವರಿಗೆ ಸುಲಭ.

"ಎರಡು ಸಾವಿರದ ವಾಚಿಗೆ ಇನ್ನೇನು ಸಿಗುತ್ತೆ ಗುರು?" ಅಂತ ಕೆಲವರು ಕೇಳ್ತಾರೆ. ದುಡ್ಡು ಜಾಸ್ತಿ ಕೊಟ್ಟರೆ ಸರಿಹೋಗುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. 2015ರಲ್ಲಿ ಆಪಲ್ ತನ್ನ ಮೊದಲ ವಾಚಿನ ಚಿನ್ನದ ಆವೃತ್ತಿಯನ್ನು 10,000 ಡಾಲರಿನಿಂದ ಶುರುಮಾಡಿ ಮಾರಿತ್ತು. 2018ರಲ್ಲಿ ವಾಚ್‌ಓಎಸ್ 5 ಬಂದಾಗ ಆ ಚಿನ್ನದ ವಾಚಿಗೂ ಅಪ್‌ಡೇಟ್ ಸಿಗಲಿಲ್ಲ. 2021ರಲ್ಲಿ ಗೂಗಲ್ ವೇರ್ ಓಎಸ್ 3 ಘೋಷಿಸಿದಾಗ ಸ್ನಾಪ್‌ಡ್ರ್ಯಾಗನ್ ವೇರ್ 3100 ಚಿಪ್ ಇದ್ದ ವಾಚುಗಳು ಹೊರಗುಳಿದವು. ಬೆಲೆ ಎಷ್ಟೇ ಇರಲಿ, ಕೊಳ್ಳುವಾಗ ಕೊನೆ ದಿನ ಯಾವುದು ಅಂತ ಗಿರಾಕಿಗೆ ಗೊತ್ತಿರಲಿಲ್ಲ.

ಕಂಪನಿಯೇ ಮುಚ್ಚಿಹೋದರೆ? ಅದಕ್ಕೆ ಪೆಬಲ್ ವಾಚಿನ ಕತೆ ನೋಡಬೇಕು. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನ ಅದಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಹಾಕಿದ್ದರು. 2016ರ ಡಿಸೆಂಬರಿನಲ್ಲಿ ಕಂಪನಿ ಬಾಗಿಲು ಹಾಕಿತು, ಅದರ ಸಾಫ್ಟ್‌ವೇರ್ ಫಿಟ್‌ಬಿಟ್ ಪಾಲಾಯಿತು. 2018ರ ಜೂನ್ 30ಕ್ಕೆ ಸೇವೆ ನಿಂತಿತು. ಅಲ್ಲಿಗೆ ಮುಗೀಬೇಕಿತ್ತು, ಮುಗೀಲಿಲ್ಲ. ಬಳಕೆದಾರರೇ 'ರೆಬಲ್' ಅನ್ನೋ ಗುಂಪು ಕಟ್ಟಿ ಆ್ಯಪ್ ಸ್ಟೋರ್, ಹವಾಮಾನದಂಥ ಸೇವೆಗಳನ್ನು ತಾವೇ ನಡೆಸಿದರು. ಫಿಟ್‌ಬಿಟ್ಟನ್ನು ಕೊಂಡಿದ್ದ ಗೂಗಲ್ 2025ರ ಜನವರಿಯಲ್ಲಿ ಪೆಬಲ್ ಓಎಸ್ಸಿನ ಸೋರ್ಸ್ ಕೋಡನ್ನೇ ಬಹಿರಂಗ ಮಾಡಿತು. ಕೋಡ್ ಜನರ ಕೈಗೆ ಸಿಕ್ಕರೆ ವಾಚ್ ಕಂಪನಿಗಿಂತ ಹೆಚ್ಚು ದಿನ ಬಾಳುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೊರಗಿನ ಕಾನೂನುಗಳೂ ಈ ಕಡೆಗೇ ತಿರುಗ್ತಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ನೆಟ್‌ಗೆ ಸೇರೋ ಸಾಧನ ಮಾರುವವರು ಕನಿಷ್ಠ ಎಲ್ಲಿವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂತ ಹೇಳಲೇಬೇಕು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ಶುರುಮಾಡಿದೆ. ಆದರೆ ರಿಪೇರಿ ಅಂದರೆ ಡಿಸ್‌ಪ್ಲೇ, ಬ್ಯಾಟರಿ ಅಷ್ಟೇ ಅಲ್ಲವಲ್ಲ. ಪ್ಯಾಕ್ ಮಾಡಿದ ಸರಕಿನ 2011ರ ನಿಯಮಗಳ ಪ್ರಕಾರ ಡಬ್ಬದ ಮೇಲೆ ಎಂಆರ್‌ಪಿ, ತಯಾರಕರ ಹೆಸರು, ದೂರಿಗೆ ವಿಳಾಸ ಇರಬೇಕು. ಅದೇ ಪಟ್ಟಿಗೆ ಒಂದು ಸಾಲು ಸೇರಿಸಿ ಅನ್ನೋದೇ ನಮ್ಮ ಬೇಡಿಕೆ: "ಸಾಫ್ಟ್‌ವೇರ್ ಬೆಂಬಲ ಇಂಥ ತಿಂಗಳವರೆಗೆ." ಎರಡು ಸಾವಿರದ ವಾಚಿಗೆ ವರ್ಷಾ ವರ್ಷ ಹೊಸ ಫೀಚರ್ ಬೇಡ. ಹೇಳಿದ ದಿನದವರೆಗೆ ಆ್ಯಪ್ ಓಡಲಿ, ಬಗ್ ತಿದ್ದಲಿ. ಬೆಂಬಲ ನಿಲ್ಲಿಸುವಾಗ ವಾಚ್ ಫೋನಿನ ಜೊತೆ ಮಾತಾಡೋ ಪ್ರೊಟೊಕಾಲನ್ನಾದರೂ ಪ್ರಕಟಿಸಲಿ.

ಅಲ್ಲಿವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಗ್ಯಾಜೆಟ್‌ಬ್ರಿಜ್ ಅನ್ನೋ ಓಪನ್ ಸೋರ್ಸ್ ಆ್ಯಪ್ ಹಲವು ವಾಚುಗಳನ್ನು ಕಂಪನಿಯ ಆ್ಯಪ್ ಇಲ್ಲದೇ ನಡೆಸುತ್ತೆ. ಪೈನ್‌ಟೈಮ್ ವಾಚಿನ ಇನ್ಫಿನಿಟೈಮ್ ಫರ್ಮ್‌ವೇರನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. 64 ಕೆಬಿ ರ‍್ಯಾಮಿನಲ್ಲಿ ಇಡೀ ವಾಚ್ ಹೇಗೆ ಓಡುತ್ತೆ ಅಂತ ನೋಡೋದು ಎಂಬೆಡೆಡ್ ಲ್ಯಾಬಿಗಿಂತ ಒಳ್ಳೇ ಪಾಠ. ಪ್ರತಿ ವರ್ಷ ಅದೇ ಅಟೆಂಡೆನ್ಸ್ ಸಿಸ್ಟಮ್ ಮಾಡೋ ಬದಲು, ಡ್ರಾಯರ್ ಸೇರಿದ ಒಂದು ವಾಚಿನ ಪ್ರೊಟೊಕಾಲ್ ಬಿಡಿಸೋದನ್ನೇ ಮಿನಿ ಪ್ರಾಜೆಕ್ಟ್ ಯಾಕೆ ಮಾಡ್ಬಾರ್ದು?

ಇನ್ನೊಂದು ಮಾತು. ಪ್ಲೇಸ್‌ಮೆಂಟ್ ಆದ ಮೇಲೆ ನಮ್ಮಲ್ಲೇ ಕೆಲವರು ಈ ಫರ್ಮ್‌ವೇರ್ ಬರೆಯೋ ಕುರ್ಚಿಯಲ್ಲಿ ಕೂತಿರ್ತೀವಿ. ಮುಂದಿನ ವಾರವೇ ರಿಲೀಸ್ ಆಗಬೇಕು, ಟೆಸ್ಟಿಂಗ್ ಆಮೇಲೆ ನೋಡೋಣ ಅಂತ ಮ್ಯಾನೇಜರ್ ಹೇಳಿದಾಗ, "ಇದನ್ನ ಯಾವ ವರ್ಷದವರೆಗೆ ನೋಡ್ಕೋತೀವಿ ಸರ್?" ಅಂತ ಮೀಟಿಂಗಿನಲ್ಲಿ ಕೇಳೋ ಒಬ್ಬ ಇಂಜಿನಿಯರ್ ಆದರೂ ನಮ್ಮ ಕಾಲೇಜಿನವರಾಗಿರಲಿ.