ಪಾಳುಬಿದ್ದಿದೆ ಎಂದವರು ಯಾರು?

ನ್ಯೂಯಾರ್ಕಿನ ಪಶ್ಚಿಮ ಹಾರ್ಲೆಮ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವು ತನ್ನ ಹಣದಿಂದ 17 ಎಕರೆಯಲ್ಲಿ ತರಗತಿ, ಪ್ರಯೋಗಾಲಯ, ವಸತಿ, ಅಂಗಡಿಗಳನ್ನು ಕಟ್ಟುತ್ತಾ ಬಂದಿದೆ. ವಿದ್ಯೆಯ ವಿಸ್ತರಣೆಯನ್ನು ನಾವು ವಿರೋಧಿಸುವವರಲ್ಲ. ಆದರೆ ಕೆಲವು ಮಾಲಕರು ತಮ್ಮ ಜಾಗ ಮಾರಲೊಪ್ಪಲಿಲ್ಲ. ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಭಾರತೀಯ ಮೂಲದ ಸಿಖ್ ಕುಟುಂಬವೂ ಅವರಲ್ಲಿತ್ತು. 2008ರಲ್ಲಿ ಸರಕಾರಿ ಸಂಸ್ಥೆಯೊಂದು ಇಡೀ ಪ್ರದೇಶವೇ ಪಾಳುಬಿದ್ದಿದೆಯೆಂದು ಘೋಷಿಸಿ ಬಲವಂತದ ಸ್ವಾಧೀನಕ್ಕೆ ಹೊರಟಿತು. ಅಲ್ಲಿನ ಬಹುಪಾಲು ಆಸ್ತಿ ಆಗಲೇ ವಿಶ್ವವಿದ್ಯಾನಿಲಯದ ಕೈಯಲ್ಲಿತ್ತು! 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾಲಕರ ಪರ ನಿಂತರೂ 2010ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸ್ವಾಧೀನವನ್ನು ಎತ್ತಿಹಿಡಿಯಿತು. ಕಾನೂನು ಒಪ್ಪಿರಬಹುದು. ಪರಸ್ಪರ ಸಮ್ಮತಿಯ ವ್ಯಾಪಾರದ ಹೊರತು ಇನ್ನೊಬ್ಬರ ಸೊತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ. ರಸ್ತೆಗೋ ಸರಕಾರಿ ಆಸ್ಪತ್ರೆಗೋ ಭೂಮಿ ಪಡೆಯುವ ಮಾತು ಬೇರೆ. ಖಾಸಗಿ ವಿಶ್ವವಿದ್ಯಾನಿಲಯವೊಂದರ ಕ್ಯಾಂಪಸ್ಸಿಗಾಗಿ ಸರಕಾರವೇ ದಲ್ಲಾಳಿಯಾಗುವುದನ್ನು ನಾವು ಒಪ್ಪಲಾರೆವು.