ಪರದೇಶದಲ್ಲಿ ವಿದ್ಯಾರ್ಥಿನಿಯೂ ರಗ್ಬಿಯೂ

ವಿದ್ಯಾರ್ಜನೆಗೆಂದು ಇಂಗ್ಲೆಂಡಿಗೆ ಹೋದ ಹೆಣ್ಣುಮಗಳು ಕೆಸರಿನಲ್ಲಿ ಹೊರಳಿ ರಗ್ಬಿಯಾಡುವುದು ತಕ್ಕುದಲ್ಲವೆಂದು ಮೂಗುಮುರಿಯುವ ಹಿರಿಯರುಂಟು. ಆಟದ ಬಗೆಯನ್ನರಿತರೆ ಈ ಆಕ್ಷೇಪ ನಿಲ್ಲದು. ಪಕ್ಷಕ್ಕೆ 15 ಮಂದಿ. ಚೆಂಡನ್ನು ಕೈಯಿಂದ ಮುಂದಕ್ಕೆಸೆಯುವಂತಿಲ್ಲ, ಹಿಂದೆ ಬರುವ ಗೆಳತಿಗೇ ನೀಡಬೇಕು. ಎಂಟೆಂಟು ಮಂದಿ ತೋಳಿಗೆ ತೋಳು ಬಿಗಿದು ಎದುರಾಳಿಗಳನ್ನೊತ್ತುವ ‘ಸ್ಕ್ರಮ್’ನಲ್ಲಿ ಸ್ಥೂಲಕಾಯಳಿಗೂ ಮನ್ನಣೆಯುಂಟು, ಇಂಥ ಔದಾರ್ಯ ಎಷ್ಟು ಆಟಗಳಲ್ಲಿದೆ? ನೆಂಟರಿಷ್ಟರಿಲ್ಲದ ಊರಿನಲ್ಲಿ, ಮಾತು ತೊಡರುವ ದಿನಗಳಲ್ಲಿ, ಹೆಗಲು ಕೊಡುವ ಹದಿನಾಲ್ವರು ದೊರೆಯುವುದು ಸಾಮಾನ್ಯ ಲಾಭವಲ್ಲ. ಪೆಟ್ಟಿನ ಭಯವೇನೋ ನಿಜ. ಅದಕ್ಕೆಂದೇ, ತಲೆಗೆ ಆಘಾತವಾದ ಶಂಕೆಯಿದ್ದರೂ ಆಟಗಾರ್ತಿಯನ್ನು ಹೊರಗೆ ಕಳುಹಿಸುವ ನಿಯಮವಿದೆ. ಓದಿಗೆ ಕುಂದೆಂಬವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳೇ ಉತ್ತರ: ಅಲ್ಲಿನ ವಿದ್ಯಾರ್ಥಿನಿಯರು ತಮ್ಮ ಪಂದ್ಯವನ್ನು 1988ರಲ್ಲೇ ಆರಂಭಿಸಿದರು. ಗಂಡುಮಕ್ಕಳು 1921ರಿಂದ ಸೆಣಸುತ್ತಿದ್ದ ಟ್ವಿಕನ್‌ಹ್ಯಾಮ್ ಕ್ರೀಡಾಂಗಣ ಅವರಿಗೆ ತೆರೆದುದು ಮಾತ್ರ 2015ರಲ್ಲಿ.